ತರಗೆಲೆ ಕಸವಲ್ಲ

ಬೆಂಗಳೂರಿನ ಕಬ್ಬನ್ ಪಾರ್ಕು 1870ರದ್ದು. ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಆದರೂ ವಾಕಿಂಗಿಗೆ ಬಂದವರೇ ಬಾಟಲಿ, ಚಿಪ್ಸ್ ಪೊಟ್ಟಣ ಹೆಕ್ಕುತ್ತ ನಡೆಯುವುದನ್ನು ನೀವೂ ಕಂಡಿರಬಹುದು. ನೋಡಿದರೆ ಮನಸ್ಸು ತುಂಬುತ್ತದೆ.

ನಿಮ್ಮ ಬಡಾವಣೆಯ ಪಾರ್ಕಿನಲ್ಲೂ ಕೆಲಸವಿದೆ. ಉದುರಿದ ಎಲೆ ದಯವಿಟ್ಟು ಸುಡಬೇಡಿ, ಗೊಬ್ಬರ ಮಾಡಿ. ಭಾನುವಾರ ನಾಲ್ಕೈದು ಜನ ಸೇರಿ, ಮೂಲೆಯಲ್ಲಿ ಜಾಲರಿಯ ಗೂಡು ಕಟ್ಟಿ. ಒಂದು ಪದರ ತರಗೆಲೆ, ಅದರ ಮೇಲೆ ಸಗಣಿ ನೀರು, ಮತ್ತೆ ಎಲೆ. ತೇವ ಹಿಂಡಿದ ಬಟ್ಟೆಯಷ್ಟಿರಲಿ. ವಾರಕ್ಕೊಮ್ಮೆ ಮಗುಚಿದರೆ ಗಾಳಿಯಾಡುತ್ತದೆ, ಸೂಕ್ಷ್ಮಜೀವಿಗಳು ದುಡಿಯುತ್ತವೆ. ಒಳಗೆ ಕೈಯಿಟ್ಟು ನೋಡಿ, ಬಿಸಿ! ಕೆಲವು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ಹಾಂ, ಮಾಲಿಯನ್ನು ಕೇಳಿಯೇ ಶುರುಮಾಡಿ. ಆ ನೆಲದ ಗುಣ ಅವರಿಗೆ ಗೊತ್ತು. ಮೊದಲ ಬುಟ್ಟಿ ಯಾವ ಗಿಡದ ಬುಡಕ್ಕೆ ಹಾಕಬೇಕೆಂದು ಅವರೇ ಹೇಳಲಿ.