ಗುಜರಿಯಲ್ಲಿ ಕುಲುಮೆ ಸಿಕ್ಕೀತೆ?

ಪ್ರಶ್ನೆ: ಹವ್ಯಾಸಕ್ಕಾಗಿ ಕಮ್ಮಾರಿಕೆ ಕಲಿಯುವವರಿಗೆ ಕೋಲಾರ, ಮುಳಬಾಗಿಲಿನ ಸುತ್ತ ಹಳೆಯ ಸಲಕರಣೆ ಸಿಗುತ್ತದೆಯೇ? ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಸಿಗುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಸುತ್ತಿಗೆ, ಸಮ್ಮಟಿಗೆ, ಅರಗಳಿಗೆ ಮಾಲೂರು, ಶ್ರೀನಿವಾಸಪುರದಂಥ ಊರುಗಳ ಗುಜರಿ ಅಂಗಡಿಗಳನ್ನು ಮೊದಲು ನೋಡಬಹುದು. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಚಿಕ್ಕಪೇಟೆ ಬಳಿಯ ಸಂಡೇ ಬಜಾರ್ ಇದೆ. ಮಾಲೂರಿನಿಂದ ರೈಲು ಹತ್ತಿದರೆ ಸಾಕು.

ಕಷ್ಟ ಅಡಿಗಲ್ಲಿನದು. ಹಳೆಯದು ಕಂಡರೆ ಬೇರಿಂಗ್‌ನ ಉಕ್ಕಿನ ಗುಂಡೊಂದನ್ನು ಹತ್ತು ಅಂಗುಲ ಮೇಲಿನಿಂದ ಬಿಡಬೇಕು. ಏಳೆಂಟು ಅಂಗುಲ ಪುಟಿದರೆ ಮೇಲ್ಮೈ ಗಟ್ಟಿ; ‘ಥಪ್’ ಎಂದು ಸುಮ್ಮನಾದರೆ ಅದು ಬಹುಶಃ ಬೀಡುಕಬ್ಬಿಣ.

ರೈಲು ಕಂಬಿಯ ತುಂಡೂ ಅಡಿಗಲ್ಲಾಗುತ್ತದೆ. ಆದರೆ ರೈಲ್ವೆಯ ಕದ್ದ ಸ್ವತ್ತು ಕೈಯಲ್ಲಿದ್ದರೆ 1966ರ ಕಾಯ್ದೆಯಡಿ ಅಪರಾಧ. ಹರಾಜಿನಲ್ಲಿ ಕೊಂಡ ಮಾಲೆಂಬ ರಸೀದಿ ಇಲ್ಲದೆ ಮುಟ್ಟಬಾರದು.

ಕಚ್ಚಾವಸ್ತುವಿಗೆ ಬರವಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುವುದರಿಂದ ಕಾಯಿಸಿ ಎಣ್ಣೆಗೆ ಅದ್ದಿದರೆ ಗಡಸಾಗುತ್ತದೆ. ಹಳ್ಳಿಯ ಕಮ್ಮಾರರು ಮಚ್ಚಿಗೆ ಇದನ್ನೇ ಬಳಸುವುದು. ಕಟ್ಟಡದ ಸಾಧಾರಣ ಕಬ್ಬಿಣಕ್ಕೆ ಆ ಗುಣವಿಲ್ಲ.

ತಿದಿಯ ಬದಲು ಕೈಯಿಂದ ತಿರುಗಿಸುವ ಬ್ಲೋವರ್ ಕೊಳ್ಳುವಾಗ ಹಲ್ಲುಚಕ್ರ ಜಾರುತ್ತದೆಯೇ ಎಂದು ತಿರುಗಿಸಿ ನೋಡಬೇಕು. ಸುತ್ತಿಗೆಯ ಮುಖ ಬಿರುಕು ಬಿಟ್ಟಿದ್ದರೆ ಬೇಡ, ಚೂರು ಸಿಡಿದು ಕಣ್ಣಿಗೆ ಬಡಿದೀತು. ಸತು ಲೇಪಿಸಿದ ಜಿಐ ಪೈಪನ್ನಂತೂ ಕುಲುಮೆಗೆ ಇಡಲೇಬಾರದು: ಅದರ ಬಿಳಿ ಹೊಗೆ ಕುಡಿದವರಿಗೆ ಅಂದೇ ಚಳಿಜ್ವರ ಬರಬಹುದು.