ತೋಪು ಎಳೆದ ತಳಿ, ಪೆಂಡಾಲಿನ ಚೆಲುವ

ಪುಷ್ಯ ಮಾಸ ಬಂತೆಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಬಯಲಲ್ಲಿ ಪೆಂಡಾಲುಗಳು ಏಳುತ್ತವೆ. ಬ್ರಹ್ಮರಥೋತ್ಸವಕ್ಕೂ ಮೊದಲೇ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳದ್ದೇ ದರ್ಬಾರು. ಮುಂದೆ ತಮಟೆ, ಕೊರಳಲ್ಲಿ ಗೆಜ್ಜೆ. ಒಳ್ಳೆಯ ಜೋಡಿಯ ಬೆಲೆ ಲಕ್ಷಗಳಲ್ಲಿ; ಆದರೂ ಚೌಕಾಸಿ ಟವಲಿನ ಮರೆಯಲ್ಲಿ, ಬೆರಳು ಹಿಡಿದು.

ದನ ನೋಡುವ ಇಲ್ಲಿನ ಕಣ್ಣು ಪಳಗಿದ್ದು ಹೊಲದಲ್ಲಷ್ಟೇ ಅಲ್ಲ, ದಂಡಿನಲ್ಲೂ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು-ಬೆಣ್ಣೆಗೆಂದು ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಇತ್ತು. ಹೈದರಾಲಿ ಆ ಹಿಂಡಿನ ಎತ್ತುಗಳನ್ನು ತೋಪಿನ ಗಾಡಿಗೆ ಹೂಡಿದ; ಟಿಪ್ಪು ಇಲಾಖೆಗೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳೇ ಅದರ ಬೇರು. ಚಿದಂಬರದ ನೆರವಿಗೆ ಹೈದರನ ಪಡೆ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು ಇವುಗಳ ಬಲದಿಂದಲೇ ಎಂದು ಮೈಸೂರಿನ ಗ್ಯಾಸೆಟಿಯರ್ ಹೇಳುತ್ತದೆ. 1799ರಲ್ಲಿ ಹಿಂಡು ಬ್ರಿಟಿಷರ ಪಾಲಾಯಿತು. ಖರ್ಚು ಉಳಿಸಲು 1860ರಲ್ಲಿ ಅದನ್ನು ಮಾರಿದ ಸರ್ಕಾರ, ದಂಡಿಗೆ ತಕ್ಕ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು. ಅಜ್ಜಂಪುರದ ಅಮೃತ್ ಮಹಲ್ ಕೇಂದ್ರ ಇಂದಿಗೂ ಹೋರಿಕರುಗಳನ್ನು ಹರಾಜು ಹಾಕುತ್ತದೆ.

ಪಳಗಿದ ಕಣ್ಣು ಮೊದಲು ನೋಡುವುದು ಹಲ್ಲು. ಸಿದ್ಧಗಂಗೆಯಂಥ ಜಾತ್ರೆಗಳಲ್ಲಿ ಬಹುಮಾನದ ವಿಭಾಗಗಳೂ ಹಲ್ಲಿನ ಲೆಕ್ಕದವು: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು (ಎಲ್ಲ ಹಲ್ಲೂ ಬಂದದ್ದು). ಕೆಳದವಡೆಯ ಮುಂಭಾಗದಲ್ಲಿ ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ಹೊಸ ಹಲ್ಲು ಬರುವುದರಿಂದ ವಯಸ್ಸು ಮುಚ್ಚಿಡುವಂತಿಲ್ಲ. ಆಮೇಲೆ ಮುಖ: ನೀಳವಾಗಿರಬೇಕು, ಹಣೆಯ ನಡುವೆ ಗೆರೆಯಂಥ ತಗ್ಗು ಇರಬೇಕು. ಕೊಂಬುಗಳು ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ನೆಟ್ಟಗೆ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗಬೇಕು. ಗಟ್ಟಿ ಗೊರಸು, ತೆಳ್ಳನೆಯ ಚರ್ಮ, ಚುರುಕು ನಡೆ. ರೈತರು ಇದರ ಜೊತೆಗೆ ಮೈಮೇಲಿನ ಕೂದಲ ಸುಳಿಯನ್ನೂ ನೋಡುತ್ತಾರೆ. ಕೆಟ್ಟ ಸುಳಿಯಿದ್ದರೆ ವ್ಯಾಪಾರ ಅಲ್ಲಿಗೇ ಮುರಿಯಿತು.

ಸಿಂಗಾರದ ಕೆಲಸ ಶುರುವಾಗುವುದು ತಿಂಗಳುಗಳ ಮೊದಲೇ. ಬೇಯಿಸಿದ ಹುರುಳಿ, ಹಿಂಡಿ, ಬೂಸ ತಿನ್ನಿಸಿ ಮೈ ತುಂಬಿಸುತ್ತಾರೆ. ಕೊಂಬು ಹೆರೆಯುವವನು ಹರಿತವಾದ ಕತ್ತಿಯಿಂದ ಒರಟು ಪದರವನ್ನು ಎಳೆ ಎಳೆಯಾಗಿ ತೆಗೆದು, ಬುಡದಿಂದ ತುದಿಯವರೆಗೆ ನಯ ಮಾಡಿ, ಎಣ್ಣೆ ತಿಕ್ಕುತ್ತಾನೆ. ಎರಡೂ ಕೊಂಬು ಒಂದೇ ದಪ್ಪಕ್ಕೆ ಬರಬೇಕು, ಜೋಡಿಯ ನಾಲ್ಕೂ ಹೊಂದಬೇಕು.

2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ತಳಿಯ ಅಂಚೆಚೀಟಿ ತಂದಿತು. ಅಷ್ಟರಲ್ಲಾಗಲೇ ಉಳುಮೆಯ ಕೆಲಸ ಟ್ರ್ಯಾಕ್ಟರಿನ ಕಡೆಗೆ ವಾಲಿತ್ತು. ಈಗ ಎಷ್ಟೋ ಜೋಡಿಗಳು ನೊಗ ಕಾಣದೆಯೇ ಪೆಂಡಾಲಿಗೆ ಬರುತ್ತವೆ. ಈ ತಳಿಗೆ ಹೆಸರು ಬಂದದ್ದು ನಡಿಗೆಯಿಂದ, ಕೊಬ್ಬಿನಿಂದಲ್ಲ. ಬಹುಮಾನ ಕೊಡುವವರು ಜೋಡಿಯನ್ನು ನಿಲ್ಲಿಸಿ ನೋಡುವುದಕ್ಕಿಂತ ಗಾಡಿಗೆ ಹೂಡಿ ನಾಲ್ಕು ಫರ್ಲಾಂಗು ಓಡಾಡಿಸಿ ನೋಡುವುದು ಒಳ್ಳೆಯದು.