ಕಾಡಿನ ಕತ್ತಲೆಯ ಪ್ರಸಂಗ

ಕಥೆಯಲ್ಲಿ ಕಾಮದ ಪ್ರಸಂಗ ಸಲ್ಲುವುದೇ ಎಂಬ ಚರ್ಚೆ ಕನ್ನಡದಲ್ಲಿ ಹಳೆಯದು. ವೇಶ್ಯಾಜೀವನವನ್ನು ಕುರಿತ ‘ನಗ್ನಸತ್ಯ’ದಂಥ ಕಾದಂಬರಿಗಳಿಗಾಗಿ ಅಶ್ಲೀಲತೆಯ ಆರೋಪ ಹೊತ್ತ ಅನಕೃ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದರು. ಆದರೆ ಇಂಥ ಆರೋಪಕ್ಕೆ ವಾದಕ್ಕಿಂತ ಕೃತಿಯೇ ಸಮರ್ಥವಾದ ಉತ್ತರ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ ನೋಡಬಹುದು.

ಆಚಾರಗೆಟ್ಟ ನಾರಣಪ್ಪನ ಶವ ಅಗ್ರಹಾರದಲ್ಲಿ ಕೊಳೆಯುತ್ತಿದೆ. ಸಂಸ್ಕಾರ ಮಾಡುವವರಾರು? ಪ್ರಾಣೇಶಾಚಾರ್ಯರಿಗೆ ಗ್ರಂಥಗಳೂ ಮಾರ್ಗ ತೋರಲಿಲ್ಲ, ಮಾರುತಿಯೂ ತೋರಲಿಲ್ಲ. ರೋಗಿಯಾದ ಪತ್ನಿಯ ಸೇವೆಯನ್ನೇ ತಪಸ್ಸೆಂದುಕೊಂಡವರು ಅವರು. ಹಸಿದು ಸೋತು ಹಿಂದಿರುಗುವಾಗ, ನಾರಣಪ್ಪನೊಡನಿದ್ದ ಚಂದ್ರಿ ಕಾಡಿನ ಕತ್ತಲೆಯಲ್ಲಿ ಕಾಲಿಗೆರಗುತ್ತಾಳೆ. ಆ ಸ್ಪರ್ಶಕ್ಕೆ ಆಚಾರ್ಯರ ಬಾಯಿಂದ ಹೊರಡುವುದು ತಾಯಿಯನ್ನು ಕರೆಯುವ ಹಸುಳೆಯ ಕೂಗು! ಅವಳು ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಸಮಾಗಮ ಆಮೇಲಿನದು, ಅದಕ್ಕೆ ಸಂದಿರುವುದು ಕೆಲವೇ ಸಾಲು.

ರಸಿಕತೆಗೆ ಆಸ್ಪದವಿದ್ದರೂ ಲೇಖಕರು ಅಲ್ಲಿ ನಿಲ್ಲುವುದಿಲ್ಲ. ನಡುರಾತ್ರಿ ಎಚ್ಚೆತ್ತ ಆಚಾರ್ಯರ ತಲೆ ಚಂದ್ರಿಯ ತೊಡೆಯ ಮೇಲಿದೆ. ಮೃತನು ನಡೆದ ದಾರಿಯಲ್ಲೇ ತಾವೂ ನಡೆದಾಯಿತು. ಅವನನ್ನು ಕುರಿತು ತೀರ್ಪು ಕೊಡುವ ಅಧಿಕಾರವೆಲ್ಲಿ ಉಳಿಯಿತು? ಹೆಣದ ಪ್ರಶ್ನೆ ಈಗ ಆಚಾರ್ಯರ ಸ್ವಂತ ಪ್ರಶ್ನೆ. ಈ ಪ್ರಸಂಗವನ್ನು ತೆಗೆದುಹಾಕಿದರೆ ಕಾದಂಬರಿಯ ಮುಂದಿನ ಭಾಗವೇ ಇಲ್ಲ. ಓದುಗನನ್ನು ಕೆರಳಿಸಲೆಂದೇ ತುರುಕಿದ ಪುಟಗಳನ್ನು ಹರಿದು ಎಸೆದರೆ ಕಥೆಗೇನೂ ನಷ್ಟವಾಗದು, ಇಲ್ಲಿ ಹಾಗಲ್ಲ.

ಚಂದ್ರಿಯಾದರೋ ಪಶ್ಚಾತ್ತಾಪದಲ್ಲಿ ಕಾಲ ಕಳೆಯಲಿಲ್ಲ. ಪಂಡಿತರು ನಿರ್ಣಯಿಸಲಾರದೆ ಹೋದ ದಹನಕಾರ್ಯವನ್ನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಅದೇ ಇರುಳು ಮುಗಿಸಿ, ಕುಂದಾಪುರದ ಹಾದಿ ಹಿಡಿದಳು.